ಕಲ್ಲುಬೆಂಚಿನ ಎಡತುದಿ ಮತ್ತು ಮಂಟೇಸ್ವಾಮಿಯವರ ಉದ್ಯಾನ

ಊರಿಗೊಂದು ಉದ್ಯಾನ ಬೇಕೆಂದು ಭಾಷಣ ಮಾಡಿದವರು ಬಹಳ ಮಂದಿ. ಉದ್ಯಾನದ ಬಾಗಿಲಲ್ಲಿ ಟೇಪು ಕತ್ತರಿಸಿದವರು ಅವರಿಗಿಂತ ತುಸು ಕಡಿಮೆ. ಟೇಪು ಕತ್ತರಿಸಿದ ಮರುದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಜನ ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾವ ನೆರಳನ್ನು ಹುಡುಕಿಕೊಂಡು ಹೋಗುತ್ತಾರೆ ಎಂದು ಸುಮ್ಮನೆ ಕೂತು ನೋಡಿದವರು ನಂಜನಗೂಡು, ತಿ. ನರಸೀಪುರ ಸೀಮೆಯಲ್ಲಿ ಒಬ್ಬರೇ ಎಂದರೆ ತಪ್ಪಾಗಲಾರದು. ಅವರು ಶ್ರೀ ಎಚ್. ಮಂಟೇಸ್ವಾಮಿಯವರು.

ಪಟ್ಟಣಗಳ ಆಡಳಿತದಲ್ಲಿ ಸಮುದಾಯ ಸಂಘಟಕರೆಂಬುದೊಂದು ಹುದ್ದೆ. ಇಂಜಿನಿಯರರಿಗೆ ರಸ್ತೆಯಿದೆ, ಆರೋಗ್ಯ ನಿರೀಕ್ಷಕರಿಗೆ ಚರಂಡಿಯಿದೆ, ಕಂದಾಯದವರಿಗೆ ರಸೀದಿ ಪುಸ್ತಕವಿದೆ. ಸಮುದಾಯ ಸಂಘಟಕರಿಗೆ ಇರುವುದು ಜನ ಮಾತ್ರ. ಆ ಜನವನ್ನೇ ಬಂಡವಾಳ ಮಾಡಿಕೊಂಡು ಮೂವತ್ತು ವರ್ಷ ದುಡಿದು, ಈ ವರ್ಷ ವಯೋನಿವೃತ್ತಿ ಹೊಂದಿರುವ ಮಂಟೇಸ್ವಾಮಿಯವರಿಗೆ ಸಂಗಮ ಉದ್ಯಾನ ಬಳಗ ಈ ಸಂಪುಟವನ್ನು ಅರ್ಪಿಸುತ್ತಿದೆ. ಅವರ ಸೇವೆಯಲ್ಲಿ ಹೇಳಬೇಕಾದ್ದು ಬೇಕಾದಷ್ಟಿದ್ದರೂ ಬಳಗದವರು ನಾಲ್ವರು ಸೇರಿದಾಗಲೆಲ್ಲ ಮಾತು ಹೋಗಿ ನಿಲ್ಲುವುದು ಒಂದೇ ಸಂಗತಿಯ ಬಳಿ. ಅಭಿನಂದನ ಲೇಖನದಲ್ಲಿ ಅಂಥದ್ದನ್ನು ಬರೆಯುವುದು ಸರಿಯೇ ಎಂಬ ಚರ್ಚೆಯೂ ನಡೆಯಿತು. ಕೊನೆಗೆ ಅವರನ್ನೇ ಕೇಳಿದಾಗ, "ನಡೆದದ್ದನ್ನ ನಡೆದಂಗೆ ಬರೀರಿ. ಯಾಕೆ ನಡೀತು ಅಂತ ಮಾತ್ರ ಬರೀಬ್ಯಾಡಿ. ಅದು ನಂಗೂ ಗೊತ್ತಿಲ್ಲ," ಎಂದರು. ಆ ಅಪ್ಪಣೆಯಂತೆ ಈ ಬರಹ.

ನಂಜನಗೂಡು ತಾಲ್ಲೂಕಿನ ಹದಿನಾರು ಮಂಟೇಸ್ವಾಮಿಯವರ ಹುಟ್ಟೂರು. ತಾಯಿ ಗೋವಿಂದಮ್ಮನವರು ನಾಟಿ ಕೆಲಸಕ್ಕೆ, ತಂದೆ ಗಾಡಿ ಕೆಲಸಕ್ಕೆ ಹೋಗಿ ಮಗನನ್ನು ಓದಿಸಿದರು. ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ. ದೆವ್ವ, ಗಾಳಿ, ಯಂತ್ರ, ತಾಯಿತ ಇವು ಯಾವುವಕ್ಕೂ ಆ ಮನೆಯಲ್ಲಿ ಜಾಗವಿರಲಿಲ್ಲ. ನಂಜನಗೂಡಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ದಿನಗಳ ಒಂದು ನೆನಪನ್ನು ಅವರು ಅಪರೂಪಕ್ಕೆ ಹೇಳುವುದುಂಟು. ಬಸ್ಸು ತುಂಬಿರುತ್ತಿತ್ತು; ಜನ ನಿಂತಿರುತ್ತಿದ್ದರು; ಆದರೂ ಪರಿಚಯದವರು ಇವರ ಪಕ್ಕದ ಸೀಟನ್ನು ಕಾಣದವರಂತೆ ನಿಂತೇ ಇರುತ್ತಿದ್ದರು. ಯಾರೂ ಒಂದು ಮಾತು ಆಡುತ್ತಿರಲಿಲ್ಲ, ಮುಖ ಸಿಂಡರಿಸುತ್ತಿರಲಿಲ್ಲ. ಅವರಿಗೇ ಗೊತ್ತಿಲ್ಲದಂತೆ ಅವರ ಮೈ ಆ ಜಾಗವನ್ನು ಬಿಟ್ಟು ನಿಲ್ಲುತ್ತಿತ್ತು. ಮನುಷ್ಯನ ಮೈ ಅವನ ಬುದ್ಧಿಗೆ ಹೇಳದೆ ಎಷ್ಟೋ ಕೆಲಸ ಮಾಡುತ್ತದೆ ಎಂಬುದು ಅವರಿಗೆ ಹದಿನೆಂಟನೆಯ ವಯಸ್ಸಿಗೇ ತಿಳಿದಿತ್ತು.

ಸಾಕ್ಷರತಾ ಆಂದೋಲನದ ಕಾಲದಲ್ಲಿ ಕಂದೀಲು ಹಿಡಿದು ಅಕ್ಷರ ಕಲಿಸಿದ ಅವರು ಮುಂದೆ ನಂಜನಗೂಡಿನಲ್ಲಿ ಸಮುದಾಯ ಸಂಘಟಕರಾಗಿ ನೇಮಕಗೊಂಡರು. ಅಲ್ಲಿಯ ಒಂದು ವಾರ್ಡಿನಲ್ಲಿ ಊದುಬತ್ತಿ ಹೊಸೆಯುವ ಹೆಂಗಸರಿಗೆ ಬೆಳಗಿನಿಂದ ಸಂಜೆಯವರೆಗೆ ಕೂತು ಕೂತು ಬೆನ್ನುನೋವು. ಮನೆಗಳ ಮುಂದೆ ಇದ್ದದ್ದೊಂದೇ ಬಯಲು. ಅದರ ತುಂಬ ಲಾರಿಗಳು. ಮಂಟೇಸ್ವಾಮಿಯವರು ಮೇಲಿನವರಿಗೆ ಅರ್ಜಿ ಬರೆಯಲಿಲ್ಲ. ಲಾರಿ ಚಾಲಕರ ಜೊತೆ ಒಂದು ವಾರ ಚಹಾ ಕುಡಿದರು. ಎರಡನೆಯ ವಾರದಲ್ಲಿ ಆ ಚಾಲಕರೇ ಸಂಜೆ ನಾಲ್ಕಕ್ಕೆ ಲಾರಿ ಸರಿಸಿ, ಸುಣ್ಣದ ಗೆರೆ ತಾವೇ ಎಳೆದು, ಥ್ರೋಬಾಲ್ ಅಂಗಳ ಮಾಡಿಕೊಟ್ಟರು. ಸೆರಗು ಬಿಗಿದು ಚೆಂಡು ಎಸೆದ ನಲವತ್ತು ದಾಟಿದ ಹೆಂಗಸರ ನಗು ಆ ಬೀದಿಗೆ ಹೊಸದು. ಉದ್ಯಾನವಾಗಲಿ ಆಟದ ಬಯಲಾಗಲಿ, ಅದರ ಪಕ್ಕದಲ್ಲಿ ಬದುಕುವವರು ಕೈಹಾಕದೆ ಉಳಿಯುವುದಿಲ್ಲ ಎಂಬ ಅವರ ನಂಬಿಕೆ ಗಟ್ಟಿಯಾದದ್ದು ಅಲ್ಲಿ.

ಹತ್ತು ವರ್ಷದ ಹಿಂದೆ ಅವರು ತಿ. ನರಸೀಪುರಕ್ಕೆ ವರ್ಗವಾಗಿ ಬಂದರು. ಕಪಿಲೆ ಕಾವೇರಿಯನ್ನು ಸೇರುವ ದಡದ ಮೇಲೆ ಆಗ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು; ಒಳಗೆ ಒಡೆದ ಬಾಟಲಿ, ಹಳೆ ಚಾಪೆ, ಹಾವಿನ ಪೊರೆ. ಮಂಟೇಸ್ವಾಮಿಯವರು ಹೂವಿನವರು, ಹರಿಗೋಲಿನ ಮೀನುಗಾರರು, ಹೋಟೆಲಿನವರು, ಕ್ಷೌರಿಕರ ಸಂಘದವರು, ಬೆಳಗಿನ ವಾಕಿಂಗ್‌ನವರು ಎಲ್ಲರನ್ನೂ ಬಿಡಿಬಿಡಿಯಾಗಿ ಕಂಡು, ಒಬ್ಬೊಬ್ಬರಿಗೆ ಒಂದೊಂದು ಭಾಗ ಒಪ್ಪಿಸಿದರು. ಜೋಕಾಲಿ ಕ್ಷೌರಿಕರ ಸಂಘದ್ದು. ಅದರ ಸರಪಳಿಗೆ ಎಣ್ಣೆ ಹಾಕುವುದೂ ಅವರದೇ. ನಡೆದಾರಿಯ ಇಟ್ಟಿಗೆ ವಾಕಿಂಗ್‌ನವರದು. ಊರಿನ ಹಾರ್ಡ್‌ವೇರ್ ಅಂಗಡಿಯ ನಂಜುಂಡೇಶ್ ಬಳಗದ ಕಾರ್ಯದರ್ಶಿಯಾದರು. ಪುರಸಭೆ ಬೇಲಿ, ನೀರು, ಒಬ್ಬ ಮಾಲಿಯನ್ನು ಕೊಟ್ಟಿತು. ಆ ಮಾಲಿಯೇ ಇವತ್ತಿಗೂ ಇರುವ ಚಿಕ್ಕಮಾದು.

ಕೂರುವ ಬೆಂಚುಗಳನ್ನು ಮನೆಮನೆಯವರು ತಮ್ಮ ತೀರಿಕೊಂಡವರ ನೆನಪಿಗೆ ಮಾಡಿಸಿಕೊಟ್ಟರು. ನಾಲ್ವರು ಕೂರುವಷ್ಟು ಉದ್ದದ ಕಲ್ಲುಚಪ್ಪಡಿ. ಒರಗುವ ಕಲ್ಲಿನ ಮೇಲೆ ಗೇಣಗಲ ಮೀರದಂತೆ ಒಂದು ಹೆಸರು. ಕೆತ್ತುವ ಕೆಲಸ ಕಲ್ಲುಕುಟಿಗ ಶಿವಮಲ್ಲಪ್ಪನವರದು. ಎರಡು ವರ್ಷದಲ್ಲಿ ದಡದ ಮೇಲೆ ಹನ್ನೊಂದು ಬೆಂಚುಗಳಾದವು, ಹೊಂಗೆ ಮರಗಳು ನೆರಳು ಕೊಟ್ಟವು, ಸಂಜೆ ಐದಕ್ಕೆ ಜಾಗ ಸಿಗದೆ ಜನ ನಿಂತು ಮಾತಾಡುವಂತಾಯಿತು.

ಹನ್ನೆರಡನೆಯ ಬೆಂಚಿಗೆ ಬಂದವರು ಶಿವನಂಜಮ್ಮ. ಚಿಕ್ಕಯ್ಯನಛತ್ರದ ಕಡೆಯವರು, ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು, ಐವತ್ತರ ಹತ್ತಿರದ ವಯಸ್ಸು, ಹಣೆ ತುಂಬ ಕುಂಕುಮ. ಮಂಟೇಸ್ವಾಮಿಯವರ ಮೇಜಿನ ಮುಂದೆ ನಿಂತು, "ಸಾ, ಒಂದು ಬೆಂಚು ಆಕಿಸ್ಬೇಕು," ಎಂದರು.

"ಕೂತ್ಕೊಳ್ಳಿ ತಾಯಿ. ಯಾರ ನೆನಪಿಗೆ?"

"ನೆನಪ್ಗಲ್ಲ ಸಾ. ಕೂತ್ಕಳಾಕೆ."

"ಯಾರು ಕೂತ್ಕೊಳ್ಳೋಕೆ?"

"ನಮ್ಮನೆಯವ್ರು. ಮಾದಪ್ಪ ಅಂತ. ಬಂದಾಗ ಸುಸ್ತಾಗಿರ್ತರೆ."

ಮಂಟೇಸ್ವಾಮಿಯವರು ಪೆನ್ನು ಕೆಳಗಿಟ್ಟು ಉಳಿದದ್ದನ್ನು ಕೇಳಿದರು. ಮಹಾಪೂರ ಬಂದ ವರ್ಷ, ಹೊಳೆ ಏರುತ್ತಿದೆ ಎಂದು ಗೊತ್ತಾಗಿ, ಮಾದಪ್ಪ ದಡದಲ್ಲಿದ್ದ ಪಂಪ್‌ಸೆಟ್ಟಿನ ಮೋಟರು ಎತ್ತಿ ತರಲು ಮಧ್ಯಾಹ್ನ ಹನ್ನೆರಡಕ್ಕೆ ಹೋದವರು. ಮೋಟರೂ ಸಿಗಲಿಲ್ಲ, ಅವರೂ ಸಿಗಲಿಲ್ಲ. ಮೂರು ದಿನ ಹುಡುಕಿದವರು ನಾಲ್ಕನೆಯ ದಿನ ಕೈಚೆಲ್ಲಿದರು. ನೆಂಟರಿಷ್ಟರು ಕಾರ್ಯ ಮುಗಿಸಿಬಿಡೋಣ ಎಂದರು. ಶಿವನಂಜಮ್ಮ ಒಪ್ಪಲಿಲ್ಲ, ಕುಂಕುಮ ಅಳಿಸಲಿಲ್ಲ. ವರ್ಷಕ್ಕೊಂದು ಸಲ ಬಂದು ಸಂಗಮದ ದಡದಲ್ಲಿ ಕೂತು ಹೋಗುತ್ತಿದ್ದರು.

"ನಮ್ಮೂರ್ ನೀರು ಕೊನೀಗೆ ಬಂದು ಸೇರಾದು ಇಲ್ಗೇ ತಾನೆ ಸಾ? ನಿಧಾನಕ್ಕಾದ್ರೂ ಬಂದೇ ಬತ್ತರೆ. ಒಂದೇ ಮಾತು. ಯಸ್ರು ಬರ್ಸಿ, ಮುಂದ್ಕೆ 'ದಿ' ಅಂತ ಆಕ್ಬ್ಯಾಡಿ. ಮುಖ ಕಪಿಲೆ ಬರಾ ಕಡೀಕಿರ್ಲಿ."

ಉಳಿದ ಬೆಂಚುಗಳೆಲ್ಲ ನಡೆದಾರಿಗೆ ಮುಖ ಮಾಡಿದ್ದವು. ಸಾಲು ಕೆಡುತ್ತದೆ ಎಂದು ನಂಜುಂಡೇಶ್ ತಕರಾರು ತೆಗೆದರು. ಕೆಡಲಿ ಎಂದರು ಮಂಟೇಸ್ವಾಮಿ.

ಅವರ ಮೂವತ್ತು ವರ್ಷದ ಸೇವೆಯಲ್ಲಿ ಅವರೇ ಎತ್ತಿ ಹೇಳಿಕೊಳ್ಳುವ ತಪ್ಪೊಂದಿದ್ದರೆ ಅದು ಆ ತಿಂಗಳಿನದು. ಹೆಸರನ್ನು ಚೀಟಿಯಲ್ಲಿ ಬರೆದು ಶಿವಮಲ್ಲಪ್ಪನವರಿಗೆ ಕಳಿಸಿದರು. ಆ ಒಂದು ಮಾತನ್ನು ಹೇಳಲು ಮರೆತರು. ಹೆಸರಿನ ಮುಂದೆ 'ದಿ.' ಕೆತ್ತಿ ಕೆತ್ತಿ ನಲವತ್ತು ವರ್ಷ ರೂಢಿಯಾದ ಕೈ ಅದನ್ನೇ ಕೆತ್ತಿತು. ಬೆಂಚು ನಿಲ್ಲಿಸಿದ ದಿನ ಶಿವನಂಜಮ್ಮ ಬಂದು, ಮೊದಲ ಅಕ್ಷರದ ಮೇಲೆ ಬೆರಳು ಆಡಿಸಿ ನಿಂತರು. ಮಂಟೇಸ್ವಾಮಿಯವರಿಗೆ ಆಗ ಹೊಳೆಯಿತು.

"ತಪ್ಪಾಯ್ತು ತಾಯಿ. ತೆಗೆಸ್ತೀನಿ."

"ಇರ್ಲಿ ಬುಡಿ ಸಾ," ಎಂದು ಆಕೆ ಎಡತುದಿಯ ಪಕ್ಕಕ್ಕೆ, ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

ಚುನಾವಣೆಯ ಕೆಲಸ ಬಂತು, ಸಮೀಕ್ಷೆಯ ಕೆಲಸ ಬಂತು. ಅಕ್ಷರ ತೆಗೆಸುವುದು ಇವತ್ತು ನಾಳೆ ಎಂದು ನಾಲ್ಕು ತಿಂಗಳು ಹಿಂದೆ ಬಿತ್ತು.

ಒಂದು ಬೆಳಿಗ್ಗೆ ಚಿಕ್ಕಮಾದು ಕಚೇರಿಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಪೊರಕೆ ಹಾಗೇ ಇತ್ತು.

"ಸಾ, ನಂಗೇನೋ ಆಗದೆ."

"ಏನಾಯ್ತೋ? ಮೈ ಹುಷಾರಿಲ್ವಾ?"

"ಮೈಯೆಲ್ಲ ಸಂದಾಗದೆ. ದಿನಾ ಗುಡುಸ್ತೀನಲ್ಲ, ಆ ಮಾದಪ್ಪನ ಬೆಂಚಿನ ತಾವು ಓದಾಗ 'ಒಸಿ ಕಾಲೆತ್ತಿ' ಅಂತೀನಿ. ದಿನಾ ಅಂತೀನಿ. ಇವತ್ತು ಅಂದ ಮ್ಯಾಲೆ ಗ್ಯಾನಕ್ಕೆ ಬಂತು, ಯಾರ್ಗಂದೆ ಅಂತ."

ಮಂಟೇಸ್ವಾಮಿಯವರು ನಗಲಿಲ್ಲ. ಬಾ ಎಂದು ಜೊತೆಯಲ್ಲೇ ಹೋಗಿ ನೋಡಿದರು. ಬೆಂಚು ಬೆಂಚಿನಂತೆಯೇ ಇತ್ತು. ಮೇಲೆ ಉದುರಿದ ಹೊಂಗೆ ಹೂವು, ಒಂದು ಕಾಗೆ ಹಿಕ್ಕೆ. ಚಿಕ್ಕಮಾದು ಗುಡಿಸಿದ್ದ ನೆಲದಲ್ಲಿ ಪೊರಕೆಯ ಗೆರೆಗಳು ನೆಟ್ಟಗೆ ಬಂದು, ಎಡತುದಿಯ ಕೆಳಗೆ ಮಾತ್ರ ಎರಡು ಪಾದಗಳನ್ನು ಬಳಸಿದಂತೆ ಬಾಗಿ ಹೋಗಿದ್ದವು.

ಅಂದಿನಿಂದ ಮೂರು ಸಂಜೆ ಅವರು ಎದುರಿನ ಮರದಡಿ ಪೇಪರು ಹಿಡಿದು ಕೂತರು. ಬಿಸಿಲಿರುವಾಗಲೇ ಬಂದು, ದೀಪ ಹತ್ತುವ ಮೊದಲೇ ಏಳುತ್ತಿದ್ದರು. ಕಂಡದ್ದಿಷ್ಟು. ಮೂವರು ಬಂದರೆ ಬಲಕ್ಕೆ ಸರಿದು ಕೂರುತ್ತಿದ್ದರು. ನಾಲ್ವರು ಬಂದರೆ ಮೂವರ ಜಾಗದಲ್ಲಿ ಒತ್ತರಿಸಿ ಕೂರುತ್ತಿದ್ದರು, ಇಲ್ಲವೇ ಒಬ್ಬರು ನಿಲ್ಲುತ್ತಿದ್ದರು. ಊರಿನವರು ಸರಿ, ತಲಕಾಡಿಗೆ ಹೋಗುವ ದಾರಿಯಲ್ಲಿ ಇಳಿದ, ಊರಿನ ಗಂಧಗಾಳಿ ಇಲ್ಲದ ಯಾತ್ರಿಕರೂ ಹಾಗೆಯೇ ಮಾಡಿದರು. ಎಡತುದಿಯಲ್ಲಿ ಯಾರೊಬ್ಬರೂ ಕೂರಲಿಲ್ಲ. ತಡವರಿಸಲಿಲ್ಲ, ಹಿಂದೆ ಮುಂದೆ ನೋಡಲಿಲ್ಲ. ಕೂತವರ ಪಕ್ಕ ಮರ್ಯಾದೆಯಿಂದ ಕೂರುವವರಂತೆ ಸಲೀಸಾಗಿ ಕೂತರು, ಎದ್ದು ಹೋದರು.

ಮಂಟೇಸ್ವಾಮಿಯವರು ಬಾಗಿಲ ಬಳಿ ಹೊರಟವರನ್ನು ತಡೆದು, ಎಡತುದಿಯಲ್ಲಿ ಯಾಕೆ ಕೂರಲಿಲ್ಲ ಎಂದು ಕೇಳಿದರು. ಮೈಸೂರಿನ ಒಬ್ಬ ವಿದ್ಯಾರ್ಥಿನಿ, ಹೆಸರು ಕೋಮಲ, "ಅಲ್ಲೊಬ್ರು ಕೂತಿದ್ರಲ್ಲ ಸಾರ್," ಎಂದಳು.

"ಯಾರಮ್ಮ? ಹೆಂಗಿದ್ರು?"

ಆಕೆ ಹೇಳಹೊರಟು ಬೆಂಚಿನತ್ತ ತಿರುಗಿ ನೋಡಿದಳು. "ಗೊತ್ತಿಲ್ಲ ಸಾರ್. ನೋಡ್ಲಿಲ್ಲ." ಫೋನು ತೆಗೆದು, ಗೆಳತಿಯರ ಜೊತೆ ತೆಗೆದುಕೊಂಡ ಫೋಟೋ ತೋರಿಸಿದಳು. ನಾಲ್ವರೂ ಬಲಕ್ಕೆ ಒತ್ತಿಕೊಂಡು ನಗುತ್ತಿದ್ದರು. ಎಡಗಡೆಯವಳು ಯಾರಿಗೂ ಭುಜ ತಗಲಬಾರದೆಂಬಂತೆ ದುಪಟ್ಟಾ ಎಳೆದು ಹಿಡಿದಿದ್ದಳು. ಪಕ್ಕದಲ್ಲಿ ಖಾಲಿ ಕಲ್ಲು, ಅದರಾಚೆ ಹೊಳೆ. ಫೋಟೋದಲ್ಲಿ ಬೇರೇನೂ ಇರಲಿಲ್ಲ. ಏನಾದರೂ ಇದ್ದಿದ್ದರೆ ವಾಸಿಯಿತ್ತು ಎಂದು ಆ ಕ್ಷಣ ಮಂಟೇಸ್ವಾಮಿಯವರಿಗೆ ಅನ್ನಿಸಿತಂತೆ.

ನಾಲ್ಕನೆಯ ಸಂಜೆ ಅವರೇ ಹೋಗಿ ಕೂತರು. ಖಾಲಿ ಬೆಂಚು, ಸುತ್ತ ಯಾರೂ ಇಲ್ಲ. ಎಡತುದಿಯಲ್ಲೇ ಕೂರಬೇಕೆಂದು ನಿಶ್ಚಯಿಸಿಕೊಂಡೇ ಹೋದರು. ಕೂತು, ನೀರನ್ನು ನೋಡುತ್ತ ಸ್ವಲ್ಪ ಹೊತ್ತು ಕಳೆದ ಮೇಲೆ ಗಮನಿಸಿಕೊಂಡರೆ, ತಾವು ಕೂತದ್ದು ಬಲತುದಿಯಲ್ಲಿ. ಪಕ್ಕಕ್ಕಿಡಬಹುದಾಗಿದ್ದ ಚೀಲ ತೊಡೆಯ ಮೇಲೆ. ಮೊಣಕಾಲುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಚಳಿಯಾಗಲಿಲ್ಲ, ಸದ್ದು ಕೇಳಲಿಲ್ಲ, ಮೈಮೇಲೆ ಯಾರ ಉಸಿರೂ ಬೀಳಲಿಲ್ಲ. ಬಂದದ್ದು ಭಯವಲ್ಲ, ಸಂಕೋಚ. ಗುರುತಿಲ್ಲದವರ ಪಕ್ಕ ಕೂತಾಗ ಆಗುವಂಥದ್ದು. ಆಮೇಲೆ ಮಾತ್ರ ಬೆನ್ನಿನ ಮೇಲೆ ಬೆವರು ಇಳಿಯಿತು. ಒರಗುಕಲ್ಲಿನ ಮೇಲಿನ 'ದಿ.' ಎಂಬ ಅಕ್ಷರ ಅಂಗಿಯ ಮೂಲಕ ಒತ್ತುತ್ತಿದ್ದದ್ದು ಅವರಿಗೆ ಅಂದು ರಾತ್ರಿಯವರೆಗೂ ತಿಳಿಯುತ್ತಲೇ ಇತ್ತು.

ಇಂಥ ಸುದ್ದಿ ಮುಚ್ಚಿಟ್ಟರೆ ನಿಲ್ಲುವುದುಂಟೆ? ಚಿಕ್ಕಮಾದುವಿನ ಬಾಯಿಂದಲೋ ಆ ವಿದ್ಯಾರ್ಥಿನಿಯ ಫೋನಿನಿಂದಲೋ ಊರೆಲ್ಲ ಹಬ್ಬಿತು. ಗೊತ್ತಿಲ್ಲದಾಗ ಪಕ್ಕದಲ್ಲೇ ಕೂತು ಕಡಲೆಕಾಯಿ ತಿನ್ನುತ್ತಿದ್ದವರು ಗೊತ್ತಾದ ಮೇಲೆ ಉದ್ಯಾನದ ಬಾಗಿಲಿಗೂ ಬರಲಿಲ್ಲ. ಬೆಳಗಿನ ವಾಕಿಂಗ್‌ನವರು ಹೆದ್ದಾರಿಯ ಬದಿಗೆ ಹೋದರು. ಜೋಕಾಲಿಯ ಸರಪಳಿಗೆ ಎಣ್ಣೆ ಬೀಳಲಿಲ್ಲ. ಎರಡು ಮನೆಯವರು ತಮ್ಮ ಬೆಂಚನ್ನು ಕಿತ್ತುಕೊಂಡು ಹೋಗುತ್ತೇವೆ ಎಂದು ಹೇಳಿಕಳಿಸಿದರು. ಒಂದೂವರೆ ತಿಂಗಳಲ್ಲಿ ದಡದ ಅಂಚಿಗೆ ಜಾಲಿಯ ಚಿಗುರು ಮತ್ತೆ ಕಾಣಿಸಿಕೊಂಡಿತು. ಬೆಂಚಾದ ಮೇಲೆ ಆಗಾಗ ಬರುತ್ತಿದ್ದ ಶಿವನಂಜಮ್ಮ ಬಸ್ಸಿಳಿದರೆ ಹೂವಿನ ಹೆಂಗಸರು ಮುಖ ತಿರುಗಿಸುವಂತಾಯಿತು. ಆಕೆ ಬಂದಳೆಂದರೆ ಬೇರೆ ಯಾರೋ ಕೂಡ ಬಂದರೆಂದೇ ಅವರ ಎಣಿಕೆ.

ಒಂದು ಭಾನುವಾರ ಸಂಜೆ ನಂಜುಂಡೇಶ್ ಬಳಗದ ಸಭೆ ಕರೆದರು. ಉದ್ಯಾನದ ಬಾಗಿಲಲ್ಲೇ, ಒಳಗೆ ಹೋಗದೆ, ಎಲ್ಲರೂ ನಿಂತುಕೊಂಡೇ ಸಭೆ. ಶಿವನಂಜಮ್ಮನೂ ಬಂದಿದ್ದರು.

"ಸಾರ್, ಹನ್ನೊಂದು ಬೆಂಚು ಉಳೀಬೇಕು ಅಂದ್ರೆ ಆ ಒಂದನ್ನ ತೆಗೀಬೇಕು," ಎಂದರು ನಂಜುಂಡೇಶ್. "ಅಮ್ಮಾ, ನಿಮ್ಮ ಮೇಲೆ ನಮಗೇನೂ ಕೋಪ ಇಲ್ಲ. ಕಲ್ಲನ್ನ ನಿಮ್ಮೂರಿಗೇ ತಂದು ಹಾಕಿಸಿಕೊಡ್ತೀವಿ."

ಶಿವನಂಜಮ್ಮ ತಲೆ ಎತ್ತಿದರು. "ಕಲ್ಲು ತಗೊಂಡ್ ಬನ್ನಿ ಬುದ್ಧಿ. ಅವ್ರನ್ನ ಎಲ್ಗೆ ಕಳಿಸ್ತೀರಿ? ಎರಡು ವರ್ಸ ನಡ್ಕಂಡ್ ಬಂದು ಈಗ ಕೂತವ್ರೆ."

ಆಗ ಮಂಟೇಸ್ವಾಮಿಯವರು ಹೇಳಿದ್ದನ್ನು ಅಂದು ಅಲ್ಲಿದ್ದವರು ಹೆಚ್ಚುಕಡಿಮೆ ಹಾಗೆಯೇ ನೆನಪಿಟ್ಟುಕೊಂಡಿದ್ದಾರೆ:

"ಅಲ್ಲಿ ಯಾರಾದ್ರೂ ಇದ್ದಾರೋ ಇಲ್ವೋ ನಂಗೆ ಗೊತ್ತಿಲ್ಲ. ನಮ್ಮ ಮನೇಲಿ ಅದನ್ನ ನಂಬೋದೂ ಇಲ್ಲ. ಆದ್ರೆ ಪಕ್ಕದಲ್ಲಿ ಜಾಗ ಬಿಟ್ಟು ಜನ ದೂರ ನಿಂತ್ಕೊಂಡಾಗ ಕೂತವನಿಗೆ ಹೆಂಗಿರ್ತದೆ ಅಂತ ಮಾತ್ರ ನಂಗೆ ಚೆನ್ನಾಗಿ ಗೊತ್ತು. ನಾನು ತೆಗ್ಸಲ್ಲ. ನಾಳೆಯಿಂದ ಸಂಜೆ ನಾನು ಹೋಗಿ ಕೂರ್ತೀನಿ. ಬರೋರು ಬನ್ನಿ."

ಮರುದಿನ ಶಿವಮಲ್ಲಪ್ಪನವರನ್ನು ಕರೆದುಕೊಂಡು ಹೋದರು. ಮುದುಕರು ಕೈಮುಗಿದು, ಉಳಿ ಇಟ್ಟು, 'ದಿ.' ಅಕ್ಷರವನ್ನು ಸವೆಸಿ ತೆಗೆದರು. ಆ ಜಾಗದಲ್ಲಿ ಅಂಗೈಯಗಲದ ಬಿಳಿ ಗಾಯವೊಂದು ಉಳಿಯಿತು. ಇಷ್ಟಾದರೆ ಎಲ್ಲ ಸರಿಹೋದೀತೆಂದು ಮಂಟೇಸ್ವಾಮಿಯವರ ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತು. ಸರಿಹೋಗಲಿಲ್ಲ. ಅಕ್ಷರ ಹೋಯಿತು, ಎಡತುದಿ ತೆರವಾಗಲಿಲ್ಲ. ಸ್ವತಃ ಶಿವಮಲ್ಲಪ್ಪನವರೇ ಚೀಲ ಕಟ್ಟಿಕೊಂಡು ಒಂದು ಗಳಿಗೆ ಸುಧಾರಿಸಿಕೊಳ್ಳಲು ಕೂತದ್ದು ಬಲತುದಿಯಲ್ಲಿ.

ಹಾಗಾಗಿ ಮಂಟೇಸ್ವಾಮಿಯವರು ಕೂತರು. ಕಚೇರಿ ಬಿಟ್ಟ ಮೇಲೆ ದಿನವೂ ಒಂದು ಗಂಟೆ. ಮೊದಲ ದಿನಗಳಲ್ಲಿ ಮಾತಿಲ್ಲ. ಆಮೇಲೆ ಪೇಪರು ಜೋರಾಗಿ ಓದತೊಡಗಿದರು: ಅಣೆಕಟ್ಟೆಯ ನೀರಿನ ಮಟ್ಟ, ಹಾಲಿನ ದರ, ಮಳೆಯ ಮುನ್ಸೂಚನೆ. ಯಾರಿಗಾಗಿ ಓದುತ್ತಿದ್ದೇನೆ ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ. ಒಮ್ಮೊಮ್ಮೆ ಓದು ನಿಲ್ಲಿಸಿದಾಗ ಪಕ್ಕದಲ್ಲಿ ಆಲಿಸುವಿಕೆ ಮುಂದುವರಿದಂತೆ ಅನ್ನಿಸಿ ರೋಮ ನಿಮಿರುತ್ತಿತ್ತು. ಆಗ ಮುಂದಿನ ಸಾಲು ಓದುತ್ತಿದ್ದರು. ಒಂಬತ್ತನೆಯ ದಿನ ಚಿಕ್ಕಮಾದು ಬಂದು ನೆಲದ ಮೇಲೆ ಕೂತ. ಮಂಟೇಸ್ವಾಮಿಯವರು ಬೈದು ಬೆಂಚಿನ ಮೇಲೆ ಕೂರಿಸಿದರು. ನಂತರ ಹರಿಗೋಲಿನವರು. ಅವರಿಗೆ ನೀರಿನ ಮೇಲೆ ಇದಕ್ಕಿಂತ ಹೆಚ್ಚಿನದು ಕಂಡು ರೂಢಿ. ಹೊಳೆಗೆ ಇಳಿಯುವ ಮೊದಲು ಬೆಂಚಿನ ಕಡೆ ತಿರುಗಿ "ಬತ್ತೀವಣ್ಣೋ" ಎಂದು ಕೂಗುವುದನ್ನು ಅವರು ಆರಂಭಿಸಿದರು. ಬಳಗದಲ್ಲಿ ಸರದಿ ಏರ್ಪಟ್ಟಿತು.

ಎಲ್ಲರಿಗಿಂತ ಕೊನೆಗೆ ಬಂದವರು ನಂಜುಂಡೇಶ್. ಮುಂಗಾರಿನ ಒಂದು ಸಂಜೆ ಅಂಗಡಿಯಿಂದ ನೇರ ಬಂದು, ಮುಖ ಗಂಟುಹಾಕಿಕೊಂಡು ಕೂತರು. ಮಳೆ ಬಂತು, ಕೊಡೆ ಬಿಚ್ಚಿದರು. ಮಂಟೇಸ್ವಾಮಿಯವರು ಮರದಡಿಯಿಂದ ನೋಡಿದರು: ಕೊಡೆ ಎಡಕ್ಕೆ ವಾಲಿತ್ತು, ಖಾಲಿ ಕಲ್ಲಿನ ಮೇಲೆ ಹನಿ ಬೀಳದಂತೆ. ನಂಜುಂಡೇಶರ ಬಲಭುಜ ತೊಯ್ದು ನೀರು ಇಳಿಯುತ್ತಿತ್ತು. ಅದು ಅವರ ಅರಿವಿಗೆ ಬಂದಿತ್ತೋ ಇಲ್ಲವೋ ಎಂದು ಇಂದಿಗೂ ಯಾರೂ ಕೇಳಿಲ್ಲ.

ಆ ವರ್ಷದ ದಸರೆಯ ಹೊತ್ತಿಗೆ ವಾಕಿಂಗ್‌ನವರು ಮರಳಿದರು. ಜಾಲಿಯ ಚಿಗುರನ್ನು ಹೂವಿನ ಹೆಂಗಸರೇ ಕಿತ್ತು ಹಾಕಿದರು. ಎಡತುದಿ ಹಾಗೇ ಇತ್ತು. ಆದರೆ ಊರು ಅದಕ್ಕೆ ಒಗ್ಗಿಕೊಂಡಿತು, ಮಾತಾಡದ ಒಬ್ಬ ನೆರೆಯವನಿಗೆ ಒಗ್ಗಿಕೊಂಡಂತೆ. ಶಿವನಂಜಮ್ಮ ಬಂದಾಗ ಜನ ಎದ್ದು ಆ ಪಕ್ಕದ ಜಾಗವನ್ನು ಬಿಟ್ಟುಕೊಡುತ್ತಿದ್ದರು. ಹೀಗೆ ಎರಡು ವರ್ಷ ನಡೆಯಿತು.

ಹೋದ ವರ್ಷದ ಮಾಘ ಮಾಸ. ಮಧ್ಯಾಹ್ನ ಮೂರೂವರೆಯ ಬಿಸಿಲು. ಮಂಟೇಸ್ವಾಮಿಯವರು ನಲ್ಲಿ ರಿಪೇರಿ ನೋಡಲು ಬಂದಿದ್ದರು. ಬೆಂಚಿನ ಬಲಗಡೆ ಯಾತ್ರೆಯ ಮೂವರು ಮುದುಕಿಯರು ಬುತ್ತಿ ಬಿಚ್ಚಿದ್ದರು. ಆಗ ಬಾಗಿಲಿಂದ ಒಬ್ಬ ಎಳೆಯ ಹೆಂಗಸು ಬಂದಳು. ಕಬ್ಬು ಕಡಿಯುವ ಕೆಲಸಕ್ಕೆ ಬಂದವಳಿರಬೇಕು, ಕೈಯೆಲ್ಲ ಗೀರು. ಕಂಕುಳಲ್ಲಿ ಕಿರಿಚುತ್ತಿದ್ದ ಕೂಸು. ಅವಳು ಅತ್ತ ಇತ್ತ ನೋಡಲಿಲ್ಲ. ನೆಟ್ಟಗೆ ನಡೆದು ಬಂದು, ಎಡತುದಿಯಲ್ಲಿ ಕೂತು, ಸೆರಗು ಮರೆಮಾಡಿ ಕೂಸಿಗೆ ಹಾಲೂಡಿಸತೊಡಗಿದಳು.

ಚಿಕ್ಕಮಾದುವಿನ ಕೈಯಿಂದ ನೀರಿನ ಪೈಪು ಜಾರಿತು. ಮಂಟೇಸ್ವಾಮಿಯವರು ಒಂದು ಹೆಜ್ಜೆ ಮುಂದಿಟ್ಟು ನಿಂತರು. ಏನಾಗುತ್ತದೋ ಎಂದು ಕಾದರು, ಏನೂ ಆಗಲಿಲ್ಲ. ಕೂಸು ಅಳು ನಿಲ್ಲಿಸಿತು. ತಾಯಿ ಬೆನ್ನನ್ನು ಪೂರ್ತಿ ಒರಗುಕಲ್ಲಿಗೆ ಕೊಟ್ಟು ಕಣ್ಣು ಮುಚ್ಚಿದಳು.

ತಿರುಗಿ ನೋಡಿದರೆ ಬಾಗಿಲಲ್ಲಿ ಶಿವನಂಜಮ್ಮ. ಅಂದು ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಆಕೆಯ ನೋಟ ಬೆಂಚಿನ ಮೇಲಿರಲಿಲ್ಲ. ಬೆಂಚಿನಿಂದ ಹೊಳೆಗಿಳಿಯುವ ಮೆಟ್ಟಿಲಿನತ್ತ, ಮೆಟ್ಟಿಲಿನಿಂದ ನೀರಿನತ್ತ, ನಡೆದು ಹೋಗುವವರನ್ನು ಹಿಂಬಾಲಿಸುವಂತೆ ನಿಧಾನವಾಗಿ ಸರಿಯುತ್ತಿತ್ತು. ನೀರಿನ ಅಂಚಿನಲ್ಲಿ ತುಸು ನಿಂತಿತು. ಆಮೇಲೆ ಎರಡು ನದಿಗಳು ಕೂಡುವಲ್ಲಿಗೆ ಹೋಗಿ ನೆಟ್ಟಿತು.

"ಎದ್ದೋದ್ರು ಸಾ," ಎಂದರು.

ಮಂಟೇಸ್ವಾಮಿಯವರು ಆಕೆ ನೋಡುತ್ತಿದ್ದತ್ತ ತಿರುಗಿದರು.

"ಮಗೀನ್ ತಾಯ್ಗೆ ಜಾಗ ಬುಟ್ಕೊಟ್ಟು ಎದ್ದೋದ್ರು. ಅವ್ರ ಬುದ್ಧೀನೇ ಅದು. ಬಸ್ಸಲ್ಲೂ ಅಂಗೇ. ಕೂತ್ಕಂಡು ಊರ್ ಸೇರಿದ್ದೇ ಇಲ್ಲ." ಅಷ್ಟು ಹೇಳಿ ಆಕೆ ಅಲ್ಲೇ ಬಾಗಿಲ ಕಲ್ಲಿನ ಮೇಲೆ ಕುಕ್ಕರಿಸಿ ಅತ್ತರು. ಐದು ವರ್ಷಕ್ಕೆ ಮೇಲ್ಪಟ್ಟ ಅಳು ಅದು; ಬೇಗ ಮುಗಿಯಲಿಲ್ಲ. ಮಂಟೇಸ್ವಾಮಿಯವರು ಪಕ್ಕದಲ್ಲಿ ನೆಲದ ಮೇಲೆ ಕೂತರು. ಬುತ್ತಿಯ ಮುದುಕಿಯರಲ್ಲಿ ಒಬ್ಬರು ಬಂದು, ಯಾರು ಏನು ಎಂದು ಕೇಳದೆ, ಚೊಂಬಿನ ನೀರು ಕೊಟ್ಟರು. ಹಾಲೂಡಿಸಿ ಮುಗಿಸಿದ ಹೆಂಗಸು ಯಾವುದನ್ನೂ ಅರಿಯದೆ ಇವರನ್ನು ದಾಟಿ ಹೊರಗೆ ಹೋದಳು. ಅವಳ ಹೆಸರನ್ನು ಕೇಳಲು ಯಾರಿಗೂ ನೆನಪಾಗಲಿಲ್ಲ.

ಮುಂದಿನ ವಾರ ಶಿವನಂಜಮ್ಮ ನೆಂಟರೊಡನೆ ಬಂದು ಸಂಗಮದ ನೀರಿಗೆ ಹಾಲುತುಪ್ಪ ಬಿಟ್ಟರು. ಆಮೇಲೆ ಶಿವಮಲ್ಲಪ್ಪನವರನ್ನು ಕರೆಸಿ, ಬಿಳಿ ಗಾಯದ ಮೇಲೆ ಆ ಅಕ್ಷರವನ್ನು ಮತ್ತೆ ಕೆತ್ತಿಸಿದರು. ಉಳಿಯ ಏಟು ಒಂದೊಂದನ್ನೂ ಪಕ್ಕದಲ್ಲಿ ನಿಂತು ನೋಡಿದರು. "ಈಗ ಸರಿ ಸಾ. ಅವತ್ತು ಬರ್ದಿದ್ದು ಸುಳ್ಳಾಗಿತ್ತು," ಎಂದರು. ಆ ಸಂಜೆಯಿಂದ ಜನ ಆ ಬೆಂಚಿನ ಉದ್ದಕ್ಕೂ, ಈ ತುದಿಯಿಂದ ಆ ತುದಿಗೆ, ಎಲ್ಲ ಬೆಂಚಿನ ಮೇಲೆ ಕೂತಂತೆ ಕೂರುತ್ತಿದ್ದಾರೆ. ಮೊದಮೊದಲು ಆ ದೃಶ್ಯವನ್ನು ನೋಡಿದಾಗ ತಮಗೆ ಸಮಾಧಾನಕ್ಕಿಂತ ಬೇಸರವೇ ಹೆಚ್ಚಾಯಿತು, ಪರಿಚಯದವರು ಊರು ಬಿಟ್ಟು ಹೋದಂತೆ, ಎಂದು ಮಂಟೇಸ್ವಾಮಿಯವರು ಒಮ್ಮೆ ಹೇಳಿಕೊಂಡರು.

ಉದ್ಯಾನಗಳ ಬಗ್ಗೆ ಯೋಜನೆ, ಮಾರ್ಗಸೂಚಿ, ಸುತ್ತೋಲೆಗಳು ಬರುತ್ತಲೇ ಇರುತ್ತವೆ. ಒಬ್ಬ ಹೆಂಗಸಿನ ಕಾಯುವಿಕೆಗೆ ಪುರಸಭೆಯ ನೆಲದಲ್ಲಿ ಎಡೆಯಿದೆ ಎಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ. ಹೆದರಿದ ಊರನ್ನು ಬೈಯದೆ, ಹೀಯಾಳಿಸದೆ, ಸಂಜೆಗೊಂದು ಗಂಟೆಯಂತೆ ಕೂತು ಮರಳಿ ಕರೆತರಬಹುದೆಂದು ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಮಂಟೇಸ್ವಾಮಿಯವರು ತಿಳಿಯದ್ದನ್ನು ತಿಳಿಯದೆಂದೇ ಇಟ್ಟುಕೊಂಡು, ಮಾಡಬೇಕಾದ್ದನ್ನು ಮಾಡಿದರು. ಅವರ ಈ ಗುಣಕ್ಕೆ ನಮ್ಮ ಬಳಗದ ನಮಸ್ಕಾರ.

ಈ ಸಂಪುಟದ ಬಿಡುಗಡೆ ಮತ್ತು ಸನ್ಮಾನ ಸಮಾರಂಭ ಎರಡು ಸಲ ಮುಂದೆ ಹೋದದ್ದಕ್ಕೆ ಓದುಗರು ಕ್ಷಮಿಸಬೇಕು. ನಿವೃತ್ತರಾದ ಮರುವಾರವೇ ಅವರು ಬೆಳಗಿನ ಮೊದಲ ಬಸ್ಸು ಹಿಡಿದು ನಂಜನಗೂಡಿಗೆ ಓಡಾಡಲಾರಂಭಿಸಿದ್ದಾರೆ; ಕಪಿಲೆಯ ದಡದ ಒಂದು ಬಡಾವಣೆಯವರು ವಯಸ್ಸಾದವರ ನಡೆದಾರಿಗೆಂದು ಜಾಗ ತೋರಿಸಿದ್ದಾರಂತೆ. ಮೊದಲ ದಿನಾಂಕದಂದು ಅಲ್ಲಿ ಮುಳ್ಳು ಕಡಿಯುವ ಕೆಲಸವಿತ್ತು, ಎರಡನೆಯದರಂದು ಅಲ್ಲಿಯ ಟೈಲರುಗಳ ಜೊತೆ ಮಾತುಕತೆ. ಮೂರನೆಯದಕ್ಕಾದರೂ ಬರುವಂತೆ ಚಿಕ್ಕಮಾದುವನ್ನು ಬಸ್‌ನಿಲ್ದಾಣಕ್ಕೆ ಕಾವಲು ಕಳಿಸಲು ಬಳಗ ತೀರ್ಮಾನಿಸಿದೆ. ಅವರಿಗೆ ಶತಮಾನದ ಆಯುಸ್ಸು, ಮೊಣಕಾಲಿಗೆ ಬಲ, ಕುಟುಂಬಕ್ಕೆ ನೆಮ್ಮದಿ ದೊರೆಯಲಿ. ನಂಜನಗೂಡಿನ ಆ ದಾರಿಯ ಮೇಲೆ ಮೊದಲು ಊರುಗೋಲು ಊರಿ ನಡೆಯುವ ಹಿರಿಯರು ಯಾರೇ ಆಗಲಿ, ಅವರ ಪಕ್ಕದಲ್ಲಿ ಮಂಟೇಸ್ವಾಮಿಯವರೂ ನಡೆಯುತ್ತಿರಲಿ.